ಜಮಾದಾರ್ ಮುತ್ಯಾನ ಐದು ಪದಕ

ಮೊಳೆಯಿಂದ ಚೌಕಟ್ಟು ಇಳಿಸಿದಾಗ ಹಿಂದಿನ ಪ್ಲೈವುಡ್ ಹಪ್ಪಳದಂತೆ ಮುರಿದು ಕೈಗೆ ಬಂತು. ಒಂದು ಹಿಡಿ ಒರಲಿ ಮಣ್ಣು ನೆಲಕ್ಕೆ ಸುರಿಯಿತು. ಅವ್ವ ಅಡುಗೆಮನೆಯಿಂದಲೇ, "ಅದನ್ಯಾಕ ಮುಟ್ಟಿದಿ? ಚಂದ ಇತ್ತಲ್ಲ" ಅಂದಳು. ಚಂದ ಇರಲಿಲ್ಲ. ಮೂವತ್ತು ವರ್ಷ ಅಡುಗೆಮನೆ ಬಾಗಿಲ ಪಕ್ಕ ತೂಗಿ ಗಾಜಿನ ಮೇಲೆ ಒಗ್ಗರಣೆ ಹೊಗೆಯ ಜಿಡ್ಡು ಕೂತಿತ್ತು. ಒಳಗೆ ಕೆಂಪು ಮಖಮಲ್ಲಿನ ಮೇಲೆ ಐದು ಪದಕ. ಅದರಲ್ಲಿ ಎರಡಕ್ಕೆ ಹಸಿರು ಹತ್ತಿತ್ತು. ಒಂದು ನಕ್ಷತ್ರವಂತೂ ಉಂಗುರ ಹರಿದುಕೊಂಡು ಕೆಳಗಿನ ಮೂಲೆಗೆ ಜಾರಿ ಬಿದ್ದಿತ್ತು.

ಪದಕಗಳು ನಮ್ಮ ಮುತ್ಯಾನವು. ಅಪ್ಪನ ಅಪ್ಪ. ಶಹಾಬಾದಿನ ಪರಸಿ ಕಲ್ಲಿನ ಗಣಿಯಲ್ಲಿ ಉಳಿ ಹಿಡಿದಿದ್ದವನು 1941ರಲ್ಲಿ ಸಿಕಂದರಾಬಾದಿನ ಲಷ್ಕರಿಗೆ ಹೋಗಿ ಭರ್ತಿಯಾದ. 1959ರಲ್ಲಿ ಜಮಾದಾರ್ ಆಗಿ ಪಿಂಚಣಿ ತಗೊಂಡು ಬಂದ. ನಡುವಿನ ಹದಿನೆಂಟು ವರ್ಷ ಈ ಚೌಕಟ್ಟಿನಲ್ಲಿತ್ತು. ಈ ಸಲ ಸೆಪ್ಟೆಂಬರ್ 17ರ, ಅಂದರೆ ಹೈದರಾಬಾದ್ ವಿಮೋಚನೆಯ ದಿನದ, ಧ್ವಜಾರೋಹಣಕ್ಕೆ ಊರಿನ ಶಾಲೆಯವರು ಅದನ್ನು ತಂದು ಮಕ್ಕಳಿಗೆ ತೋರಿಸಿರೆಂದು ಕಾಕಾನಿಗೆ ಹೇಳಿದ್ದರು. ಕಾಕಾ ನನಗೆ ಹೇಳಿದ. ನನ್ನದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ. "ತಂತಿ ಸುತ್ತವನಿಗೆ ಇದೇನು ದೊಡ್ಡದಲ್ಲ" ಅನ್ನುವುದು ಕಾಕಾನ ಲೆಕ್ಕ. ಕೆಲಸ ಶುರುವಾದದ್ದು ಮೇ ತಿಂಗಳಲ್ಲಿ. ನಾಲ್ಕು ತಿಂಗಳು ಹಿಡಿಯಿತು.

ಅಂಟು

ಚೌಕಟ್ಟು ಮಾಡಿಸಿದ್ದು 1993ರಲ್ಲಿ, ಮುತ್ಯಾ ತೀರಿಕೊಂಡ ಮೇಲೆ. ಮಾಡಿದವನು ಯಾರಾದರೂ ಆಗಲಿ, ಪದಕಗಳನ್ನು ಫೋಟೋ ಅಂತ ತಿಳಿದಿದ್ದ. ಥರ್ಮೋಕೋಲಿಗೆ ಮಖಮಲ್ಲು ಹೊದಿಸಿ, ಅದರ ಮೇಲೆ ಹಳದಿ ರಬ್ಬರ್ ಅಂಟು ಬಳಿದು ಪದಕಗಳ ಬೆನ್ನನ್ನು ಪೂರಾ ಒತ್ತಿ ಕೂಡಿಸಿದ್ದ. ಚಪ್ಪಲಿ ಅಟ್ಟೆಗೆ ಹಾಕುವಂಥ ಅಂಟು. ಅದು ಹಳತಾದಂತೆ ಆಮ್ಲ ಬಿಡುತ್ತದೆ, ತಾಮ್ರ ಇರುವ ಲೋಹ ಅದಕ್ಕೆ ಹಸಿರಾಗುತ್ತದೆ. ಹಸಿರು ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿರಲಿಲ್ಲ.

ಕಿತ್ತು ತೆಗೆಯಬಾರದು. ಹಾಗೆ ಮಾಡಿದರೆ ಅಂಟಿನ ಜೊತೆ ರಿಬ್ಬನ್ನಿನ ಎಳೆ ಬರುತ್ತದೆ. ಮೊದಲು ಹರಿತ ಬ್ಲೇಡಿನಿಂದ ಮಖಮಲ್ಲನ್ನೇ ಪದಕದ ಸುತ್ತ ಕತ್ತರಿಸಿದೆ. ಥರ್ಮೋಕೋಲು ಒಡೆದು ಹಾಕಿದೆ. ಈಗ ಪ್ರತಿ ಪದಕದ ಬೆನ್ನಿಗೆ ಮಖಮಲ್ಲಿನ ತೇಪೆ ಮಾತ್ರ ಉಳಿಯಿತು. ರಿಬ್ಬನ್ ಬಿಚ್ಚಿ ಬೇರೆ ಇಟ್ಟೆ. ಯಾವುದು ಯಾವುದರದು ಅಂತ ಸಣ್ಣ ಚೀಟಿ, ಎರಡೂ ಬದಿಯ ಫೋಟೋ. ಇಷ್ಟು ಮಾಡದೆ ಮುಂದೆ ಹೋಗಬಾರದು ಅನ್ನುವುದು ಮೋಟಾರಿನಿಂದಲೇ ಕಲಿತದ್ದು. ಕಾಯಿಲ್ ಕತ್ತರಿಸುವ ಮೊದಲು ಸುತ್ತು ಎಣಿಸದವನು ಆಮೇಲೆ ಅಳುತ್ತಾನೆ.

ಅಂಟಿಗೆ ಅಸಿಟೋನ್. ಉಗುರು ಬಣ್ಣ ತೆಗೆಯುವ ಬಾಟಲಿಯಲ್ಲೂ ಅದೇ ಇರುತ್ತದೆ, ಆದರೆ ಎಣ್ಣೆ, ವಾಸನೆ, ಬಣ್ಣ ಬೆರೆತಿರುತ್ತದೆ. ಅದಕ್ಕೆ ಪ್ರಯೋಗಾಲಯಕ್ಕೆ ಸಾಮಾನು ಮಾರುವವರಲ್ಲಿ ಅರ್ಧ ಲೀಟರ್ ಶುದ್ಧದ್ದು ತಂದೆ. ಅಂಗಡಿಯ ಬಾಗಿಲು ತೆರೆದು, ಸೋಲ್ಡರಿಂಗ್ ಕಬ್ಬಿಣದ ಪ್ಲಗ್ ತೆಗೆದು, ಹತ್ತಿಯನ್ನು ಅದರಲ್ಲಿ ಅದ್ದಿ ಅಂಟಿನ ಮೇಲಿಟ್ಟು, ಮೇಲೆ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಅಂಟು ಬೆಲ್ಲದ ಪಾಕದಂತೆ ಏಳುತ್ತದೆ. ಮೇ ಬಿಸಿಲಿಗೆ ಅಸಿಟೋನ್ ಹಾರಿಹೋಗುವ ವೇಗ ನೋಡಿದರೆ ಮೈಲಾರ್ ಇಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. ಮೈಲಾರ್ ನಮ್ಮ ಅಂಗಡಿಯಲ್ಲಿ ಸುರುಳಿಗಟ್ಟಲೆ ಬಿದ್ದಿರುತ್ತದೆ, ಮೋಟಾರಿನ ಸ್ಲಾಟಿನೊಳಗೆ ತಂತಿ ಕೋರಿಗೆ ತಾಗದಂತೆ ಹಾಕುವುದು ಅದೇ. ಅದು ಏನನ್ನೂ ಬಿಡುವುದಿಲ್ಲ, ಏನನ್ನೂ ಹೀರುವುದಿಲ್ಲ. ಮುಂದೆ ಈ ಕೆಲಸದ ಉದ್ದಕ್ಕೂ ಅದೇ ಕೈಹಿಡಿಯಿತು.

ಅಂಟು ತೆಗೆದ ಕೆಲಸ ಬೇಜಾರಿನದು, ಐದು ಸಂಜೆ ಹೋದವು. ಹೇಳಲು ಹೆಚ್ಚಿಲ್ಲ. ಹೇಳಬೇಕಾದದ್ದು ಅದರ ಕೆಳಗೆ ಸಿಕ್ಕದ್ದು.

ಅಂಚಿನ ಅಕ್ಷರ

ಐದರಲ್ಲಿ ಮೂರು ಎರಡನೇ ಮಹಾಯುದ್ಧದವು. 1939-45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್. ಮೊದಲೆರಡು ಆರು ಮೂಲೆಯ ನಕ್ಷತ್ರ, ತಾಮ್ರ-ಸತುವಿನ ಮಿಶ್ರಲೋಹ, ಅಂದರೆ ಒಂದು ಬಗೆಯ ಹಿತ್ತಾಳೆ. ನಡುವೆ ಆರನೇ ಜಾರ್ಜ್ ದೊರೆಯ ಕಿರೀಟ, ಅಕ್ಷರ. ವಾರ್ ಮೆಡಲ್ ದುಂಡಗೆ, 36 ಮಿಲಿಮೀಟರ್. ಒಂದು ಮುಖದಲ್ಲಿ ದೊರೆಯ ತಲೆ, ಇನ್ನೊಂದರಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ಕಾಲಿಟ್ಟು ನಿಂತ ಸಿಂಹ. ಲೋಹ ಕುಪ್ರೊ-ನಿಕ್ಕಲ್, ನಮ್ಮ ಹಳೆಯ ಒಂದು ರೂಪಾಯಿ ನಾಣ್ಯದ ಲೋಹ. ಉಳಿದೆರಡು ಸ್ವಾತಂತ್ರ್ಯದ ನಂತರದವು: 1947ರ ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್, ಮತ್ತೆ ಜನರಲ್ ಸರ್ವಿಸ್ ಮೆಡಲ್ 1947. ಎರಡನೆಯದರ ರಿಬ್ಬನ್ನಿನ ಮೇಲೆ ಅಡ್ಡ ಪಟ್ಟಿ, ಅದರಲ್ಲಿ 'ಜಮ್ಮು ಮತ್ತು ಕಾಶ್ಮೀರ 1947-48' ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಪದಕದ ಮೇಲೆ ಶಿವಾಜಿಯ ಭವಾನಿ ಖಡ್ಗ, ಬೆನ್ನಿಗೆ ಕಮಲ.

ಇಂಡಿಪೆಂಡೆನ್ಸ್ ಮೆಡಲ್ ಕೈಗೆ ಹಿಡಿದು ನೋಡಿದವರು ಒಂದು ಕ್ಷಣ ಗೊಂದಲಕ್ಕೆ ಬೀಳುತ್ತಾರೆ. ಅಶೋಕ ಚಕ್ರದ ಮೇಲೆ ಇಂಗ್ಲೆಂಡಿನ ಕಿರೀಟ, ಸುತ್ತ ಲ್ಯಾಟಿನ್ನಿನಲ್ಲಿ ಆರನೇ ಜಾರ್ಜನ ಬಿರುದಾವಳಿ. 1950ರ ಜನವರಿ 26ರವರೆಗೆ ನಾವು ಡೊಮಿನಿಯನ್ ಆಗಿದ್ದೆವಲ್ಲ, ಅದರ ಗುರುತು. ಹಿಂದೆ ಸಾರನಾಥದ ಸಿಂಹಗಳು, 15 ಆಗಸ್ಟ್ 1947 ಎಂಬ ದಿನ. ನಮ್ಮ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯೋ ಅಸೋಕೋ' ಅಂತ ಹೆಸರು ಕೊರೆದ ಅಶೋಕನ ಶಿಲ್ಪವೇ ಸಿಕ್ಕಿದೆ. ಅವನ ಚಕ್ರದ ಮೇಲೆ ಲಂಡನ್ ಟೋಪಿ ಕೂಡಿಸಿದ್ದು ಮುತ್ಯಾ ನೋಡಿ ನಕ್ಕಿದ್ದನೋ ಇಲ್ಲವೋ.

ಇವೆರಡು ಪದಕಗಳ ಅಂಚಿನಲ್ಲಿ ಹೆಸರು ಒತ್ತಿರುತ್ತಾರೆ: ನಂಬರು, ಹುದ್ದೆ, ಹೆಸರು, ದಳ. ಅಂಟು ಅಂಚಿನವರೆಗೂ ಹರಿದಿದ್ದರಿಂದ ಮೂವತ್ತು ವರ್ಷ ಯಾರೂ ಓದಿರಲಿಲ್ಲ. ವೈಂಡಿಂಗ್ ನೋಡುವ ಭೂತಗನ್ನಡಿ ಹಾಕಿ ಓದಿದೆ. ಇಂಡಿಪೆಂಡೆನ್ಸ್ ಮೆಡಲಿನ ಅಂಚಿನಲ್ಲಿ ಮುತ್ಯಾನ ಹುದ್ದೆ ನಾಯಕ್. ಜನರಲ್ ಸರ್ವಿಸ್ ಮೆಡಲಿನ ಅಂಚಿನಲ್ಲಿ ಹವಾಲ್ದಾರ್. ಟ್ರಂಕಿನಲ್ಲಿದ್ದ ಡಿಸ್ಚಾರ್ಜ್ ಪುಸ್ತಕ ತೆಗೆದು ಪಕ್ಕಕ್ಕಿಟ್ಟರೆ ಉಳಿದ ಮೆಟ್ಟಿಲು ಸಿಕ್ಕವು. 1941ರಲ್ಲಿ ಸ್ಯಾಪರ್, ಅಂದರೆ ಎಂಜಿನಿಯರ್ ದಳದ ಸಿಪಾಯಿ. 1943ರಲ್ಲಿ ಲ್ಯಾನ್ಸ್ ನಾಯಕ್, ಯುದ್ಧ ಮುಗಿಯುವಾಗ ನಾಯಕ್, 1948ರಲ್ಲಿ ಹವಾಲ್ದಾರ್, 1953ರಲ್ಲಿ ಜಮಾದಾರ್. ಹೆಗಲ ಮೇಲೆ ಒಂದು ನಕ್ಷತ್ರ.

ಒಂದು ನಕ್ಷತ್ರ ಅಂದರೆ ಸೆಕೆಂಡ್ ಲೆಫ್ಟಿನೆಂಟ್ ಅಲ್ಲ. ಬ್ರಿಟಿಷರ ಕಾಲದಲ್ಲಿ ಜಮಾದಾರ್, ಸುಬೇದಾರ್, ಸುಬೇದಾರ್ ಮೇಜರ್ ಇವರಿಗೆ ವೈಸರಾಯ್ ಕಮಿಷನ್ಡ್ ಆಫೀಸರ್ ಅನ್ನುತ್ತಿದ್ದರು. ಸ್ವಾತಂತ್ರ್ಯದ ನಂತರ ಜೂನಿಯರ್ ಕಮಿಷನ್ಡ್ ಆಫೀಸರ್ ಆದರು, ಜೆಸಿಒ. ಕೆಳಗಿನಿಂದ ಹತ್ತಿದ ಸಿಪಾಯಿಯೇ ಆಗುವ ಹುದ್ದೆ ಇದು. 'ಜಮಾದಾರ್' ಹೋಗಿ 'ನಾಯಬ್ ಸುಬೇದಾರ್' ಆದದ್ದು 1965ರಲ್ಲಿ. ಅಷ್ಟರಲ್ಲಿ ಮುತ್ಯಾ ಮನೆಗೆ ಬಂದಾಗಿತ್ತು, ಹಾಗಾಗಿ ಸಾಯುವವರೆಗೆ ಜಮಾದಾರ್. ನಮ್ಮ ಕಡೆ ಜಮಾದಾರ್ ಅಂದರೆ ಮುನಸಿಪಾಲ್ಟಿಯಲ್ಲಿ ಕಸದವರ ಮೇಲಿನ ಮನುಷ್ಯ. ಬಸ್ಸಿನಲ್ಲಿ ಯಾರೋ, "ಯಾವ ವಾರ್ಡು ನಿಮ್ಮದು?" ಅಂತ ಕೇಳಿದ್ದಕ್ಕೆ ಮುತ್ಯಾ, "ಬರ್ಮಾ" ಅಂದಿದ್ದನಂತೆ. ಈ ಮಾತು ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ.

ಕಾಕಾನದು ಬೇರೆ ನಂಬಿಕೆ ಇತ್ತು. ಮುತ್ಯಾ ಇದ್ದದ್ದು 'ಹೈದರಾಬಾದ್ ರೆಜಿಮೆಂಟ್' ಅಂತ ಅವನು ಎಲ್ಲರಿಗೂ ಹೇಳುತ್ತಿದ್ದ. ಆ ಹೆಸರಿನ ರೆಜಿಮೆಂಟ್ ಇದ್ದದ್ದು ನಿಜ. ಕೊಡಗಿನ ಜನರಲ್ ತಿಮ್ಮಯ್ಯನವರು ಅದರಲ್ಲಿದ್ದವರು. ಆದರೆ ಅದು ನಿಜಾಮನ ಪಡೆಯಲ್ಲ, ಬ್ರಿಟಿಷ್ ಇಂಡಿಯಾದ ಸೇನೆಯದು. 1945ರಲ್ಲಿ ಅದರ ಹೆಸರು ಕುಮಾವೋನ್ ರೆಜಿಮೆಂಟ್ ಎಂದಾಯಿತು. ಮುತ್ಯಾನ ಅಂಚಿನಲ್ಲಿರುವುದು ಎಂಜಿನಿಯರ್ಸ್. ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಕೇಂದ್ರದವರು. 'ತಂಬಿ'ಗಳು ಅಂತ ಸೇನೆಯಲ್ಲಿ ಕರೆಯುವುದು ಇವರನ್ನೇ. ಕಲ್ಲು ಒಡೆಯುವವನನ್ನು ಅವರು ಬಿಡುತ್ತಾರೆಯೇ?

ಈಗ ಬರ್ಮಾ ಸ್ಟಾರ್. ಯುದ್ಧದ ಈ ನಕ್ಷತ್ರಗಳ ಬೆನ್ನು ಖಾಲಿ ಇರುತ್ತದೆ, ಹೆಸರು ಒತ್ತಿಸಿ ಕೊಡಲಿಲ್ಲ. ಅಂಟು ಪೂರಾ ಹೋದ ಮೇಲೆ ಆ ಖಾಲಿ ಬೆನ್ನಿನಲ್ಲಿ ಸಣ್ಣ ಸಣ್ಣ ಚುಕ್ಕೆ ಕಂಡವು. ತುಕ್ಕು ತಿಂದ ಕುಳಿ ಅಂದುಕೊಂಡು ಬಿಟ್ಟಿದ್ದೆ. ಮಾರನೇ ದಿನ ಬೆಳಕನ್ನು ಅಡ್ಡಡ್ಡ ಹಿಡಿದು ನೋಡಿದೆ. ಚುಕ್ಕೆಗಳು ಸಾಲಾಗಿದ್ದವು. ನಾಲ್ಕು ಅಂಕಿ, ಮೊಳೆಯನ್ನು ಚುಚ್ಚಿ ಚುಚ್ಚಿ ಬರೆದದ್ದು. ಇಂಡಿಪೆಂಡೆನ್ಸ್ ಮೆಡಲಿನ ಅಂಚಿನ ನಂಬರಿನ ಕೊನೆಯ ನಾಲ್ಕು ಅಂಕಿಗಳೇ ಅವು. ಬ್ಯಾರಕ್ಕಿನಲ್ಲಿ ನಲವತ್ತು ಜನರದು ಒಂದೇ ತರಹದ ನಕ್ಷತ್ರ, ಅದರಲ್ಲಿ ತನ್ನದು ಯಾವುದೆಂದು ಗೊತ್ತಾಗಲು ಹಾಕಿಕೊಂಡ ಗುರುತು. ಗಣಿಯಲ್ಲಿ ಪರಸಿಯ ಅಂಚಿಗೆ ಹಾಕುವ ಗುರುತು ಹೀಗೇ ಚುಕ್ಕೆ ಚುಕ್ಕೆ ಇರುತ್ತದೆ, ಗೆರೆ ಎಳೆಯುವುದಿಲ್ಲ. ಗೆರೆ ಎಳೆದರೆ ಕಲ್ಲು ಸೀಳುತ್ತದೆ.

ಅಂಗಡಿ ಮುಚ್ಚಿ ಆ ರಾತ್ರಿ ಅದನ್ನೇ ಹಿಡಿದು ಕೂತಿದ್ದೆ.

ಹುಣಸೆಹಣ್ಣಿನ ಜಗಳ

"ಏ ತಮ್ಮಾ, ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಬಂಗಾರದಂಗ ಹೊಳಿತಾವ. ಸಮೆ, ತಾಟು ಎಲ್ಲಾ ಅದರಾಗೇ ತೊಳೀತೀವಿ" ಅಂತ ಅವ್ವ ಬಟ್ಟಲಲ್ಲಿ ಹುಣಸೆಹಣ್ಣು ನೆನೆಹಾಕಿಯೇ ಇಟ್ಟಿದ್ದಳು. ಕಾಕಾ ಇನ್ನೂ ಮುಂದೆ ಹೋಗಿ ಪಾಲಿಷ್ ಡಬ್ಬಿ ತಂದಿದ್ದ. "ಸಾಲಿಗಿ ಒಯ್ಯೂದದ, ಹಿಂಗ ಕಪ್ಪಗ ಒಯ್ದ್ರ ಮಂದಿ ಏನಂತಾರ?"

ಹೊಳೆಯುತ್ತವೆ, ನಿಜ. ಹೇಗೆ ಹೊಳೆಯುತ್ತವೆ ಎಂಬುದೇ ತೊಂದರೆ. ಹುಣಸೆಯ ಆಮ್ಲ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಹಿತ್ತಾಳೆಯಲ್ಲಾದರೆ ಸತುವನ್ನೂ ಮೊದಲು ಎಳೆದುಕೊಳ್ಳುತ್ತದೆ, ಆಗ ತಾಮ್ರ ಉಳಿದು ಮೈ ನಸುಗೆಂಪಾಗುತ್ತದೆ. ಸಮೆಗೆ ನಡೆಯುತ್ತದೆ, ಅದರ ಮೇಲೆ ಓದುವುದಕ್ಕೇನಿಲ್ಲ. ಪಾಲಿಷ್ ಅಂದರೆ ಸಣ್ಣ ಮರಳು ಪುಡಿ. ಪ್ರತಿ ಸಲ ತಿಕ್ಕಿದಾಗ ಒಂದು ಕೂದಲಷ್ಟು ಲೋಹ ಹೋಗುತ್ತದೆ. ದೊರೆಯ ಮೂಗು ಆಗಲೇ ಸವೆದಿತ್ತು. ಮುತ್ಯಾ ಪರೇಡಿಗೆ ತಿಕ್ಕಿದ್ದು ಅದು, ಅವನ ಕೆಲಸ. ಆ ನಾಲ್ಕು ಅಂಕಿ ಮಾತ್ರ ಎರಡು ಸಲ ಪಾಲಿಷ್ ಕಂಡರೆ ಉಳಿಯುವಷ್ಟು ಆಳ ಇರಲಿಲ್ಲ.

ನಾನು ಮಾಡಿದ್ದು ಇಷ್ಟು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಅದಕ್ಕೆ ಪಾತ್ರೆ ಸೋಪಿನ ಎರಡು ಹನಿ, ಮೆತ್ತನೆಯ ಬಣ್ಣದ ಬ್ರಷ್ಷು. ನಮ್ಮ ನಲ್ಲಿ ನೀರು ಬೇಡ, ಅದರ ಸುಣ್ಣ ಬಿಳಿ ಕಲೆ ಬಿಡುತ್ತದೆ. ಹಸಿರನ್ನು ಬಿದಿರಿನ ಕಡ್ಡಿ ಕೆತ್ತಿ ಅದರ ತುದಿಯಿಂದ ಎತ್ತಿದೆ. ಬಿದಿರು ಹಿತ್ತಾಳೆಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಉಕ್ಕಿನ ಸೂಜಿ ಮುಟ್ಟಲಿಲ್ಲ. ಕೊನೆಗೆ ಮತ್ತೊಮ್ಮೆ ಶುದ್ಧ ನೀರು, ಮಲ್ಮಲ್ ಬಟ್ಟೆ, ಆಮೇಲೆ ಅಂಗಳದ ನೆರಳಲ್ಲಿ ಒಣಗಿಸುವುದು. ಮೇ ತಿಂಗಳಲ್ಲಿ ಕಲಬುರಗಿಗೆ ಒಣಗಿಸುವ ಯಂತ್ರ ಬೇಕೇ?

ಹಸಿರು ಹೋಯಿತು, ಕಂದು-ಕಪ್ಪು ಉಳಿಯಿತು. ಅವ್ವ ನೋಡಿ, "ತೊಳದೀಯೋ ಇಲ್ಲೋ?" ಅಂದಳು.

ಬೀದರಿಗೆ ಒಂದು ಸುತ್ತು

ಉಂಗುರ ಹರಿದ ನಕ್ಷತ್ರ ಉಳಿದಿತ್ತು. ಮೇಲಿನ ಕಿವಿ ಗಟ್ಟಿ ಇದೆ, ಅದರಲ್ಲಿ ತೂಗುವ ಉಂಗುರ ಮಾತ್ರ ಸವೆದು ಬಾಯಿ ಬಿಟ್ಟಿದೆ. ನನ್ನ ಮೊದಲ ಯೋಚನೆ ಬೆಸುಗೆ. ಕೈಯಲ್ಲಿ ಸುತ್ತಿಗೆ ಇರುವವನಿಗೆ ಎಲ್ಲವೂ ಮೊಳೆ, ನನಗೆ ಎಲ್ಲವೂ ಸೋಲ್ಡರ್. ಬೀದರಿನಲ್ಲಿ ಒಂದು ಮದುವೆ ಇತ್ತು, ಅಲ್ಲಿ ಬಿದರಿ ಕೆಲಸದವರನ್ನು ಒಂದು ಮಾತು ಕೇಳೋಣವೆಂದು ನಕ್ಷತ್ರವನ್ನು ಮೈಲಾರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ರೈಲು ಹತ್ತಿದೆ. 2017ರಲ್ಲಿ ಈ ಹಳಿ ಶುರುವಾದ ಮೇಲೆ ಬೀದರ್ ಹತ್ತಿರವಾಗಿದೆ.

ದಾರಿಯಲ್ಲಿ ಹುಮನಾಬಾದ್. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದಿಂದ ಹೊರಟ ಭಾರತದ ಸೇನೆ ಹೈದರಾಬಾದಿಗೆ ಹೋದ ಹೆದ್ದಾರಿ ಈ ಊರಿನ ಮೇಲೇ ಹಾಯುತ್ತದೆ. 17ಕ್ಕೆ ನಿಜಾಮ ಕೈಚೆಲ್ಲಿದ. ಆ ವಾರ ಮುತ್ಯಾ ಎಲ್ಲಿದ್ದ? ಕಾಶ್ಮೀರದಲ್ಲಿ. ಅವನ ಕಾಶ್ಮೀರದ ಪದಕಪಟ್ಟಿಯಲ್ಲಿರುವುದು ಅದೇ ವರ್ಷ. ಊರಲ್ಲಿ ನಿಜಾಮನ ಪರದ ರಜಾಕಾರರ ಹೆದರಿಕೆಗೆ ಹೆಂಗಸರು, ಮಕ್ಕಳು ಸೊಲ್ಲಾಪುರದ ಕಡೆ ಓಡಿದ್ದರು, ಆಯಿ ಕೂಡ. ಅವಳ ಗಂಡ ಸ್ವತಂತ್ರ ಭಾರತದ ಸಿಪಾಯಿ, ಎದೆಗೆ 15 ಆಗಸ್ಟ್ 1947ರ ಪದಕ. ಅವಳಿದ್ದ ಮನೆ ಮಾತ್ರ ನಿಜಾಮನ ಹೈದರಾಬಾದ್ ಸಂಸ್ಥಾನದ್ದು, ಆ ದಿನಕ್ಕೆ ಭಾರತದಲ್ಲೇ ಇರಲಿಲ್ಲ. ಮುತ್ಯಾ ಇದನ್ನು ಹೇಳುತ್ತಿರಲಿಲ್ಲ, ಆಯಿ ಹೇಳುತ್ತಿದ್ದಳು. ಮುತ್ಯಾ ಹೇಳುತ್ತಿದ್ದದ್ದು ರಸ್ತೆ, ಸೇತುವೆ, ಇವೇ. ಬಿಡಿ ಭಾಗ ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಚೌಕ ಹತ್ತು ಅಡಿ ಉದ್ದ, ಸುಮಾರು 260 ಕಿಲೋ, ಅದನ್ನು ಆರು ಜನ ಹೊರಬೇಕು, ಆರನೆಯವನು ಕುಳ್ಳನಿದ್ದರೆ ಉಳಿದವರ ಹೆಗಲು ಮುರಿಯುತ್ತದೆ, ಇಂಥವು. ಮತ್ತೆ ಜೋಜಿಲಾ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಕಣಿವೆದಾರಿ. 1948ರ ನವೆಂಬರ್ 1ರಂದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಆ ಕಣಿವೆ ಹತ್ತಿದವಲ್ಲ, ಹನ್ನೊಂದು ಸಾವಿರ ಅಡಿಗೂ ಮೇಲೆ, ಬಾಲ್ಟಾಲಿನಿಂದ ಹೇಸರಗತ್ತೆ ಹೋಗುವ ದಾರಿಯನ್ನು ಟ್ಯಾಂಕು ಹೋಗುವಂತೆ ಅಗಲ ಮಾಡಿದ್ದು ಮದ್ರಾಸ್ ಸ್ಯಾಪರ್ಸ್. "ಕಲ್ಲು ಅಲ್ಲಿದು ನಮ್ಮ ಪರಸಿಯಂಗ ಪದರ ಪದರ ಬಿಡಂಗಿಲ್ಲ" ಅನ್ನುವುದು ಮುತ್ಯಾನ ಒಂದೇ ದೂರು.

ಬಿದರಿಯವರ ಓಣಿಯಲ್ಲಿ ಒಬ್ಬ ಹಿರಿಯ ಕುಸುರಿಗಾರ ನಕ್ಷತ್ರವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಬಿದರಿಯ ಮೈ ಬಹುಪಾಲು ಸತು, ಹದಿನಾರು ಪಾಲಿಗೆ ಒಂದು ಪಾಲು ತಾಮ್ರ. ಬೆಳ್ಳಿ ತಂತಿ ಬಡಿದು ಕೂಡಿಸಿದ ಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿದ ಕುದಿನೀರಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪಾಗಿಸುವುದೇ ಅವರ ವಿದ್ಯೆ.

"ಇದರ ಕಪ್ಪು ತಗೀಬ್ಯಾಡ್ರಿ" ಅಂದರು ಕೇಳದೆಯೇ. "ನಾವು ಕಪ್ಪು ಮಾಡ್ಲಿಕ್ಕಿ ಎಷ್ಟು ತ್ರಾಸ ತಗೋತೀವಿ. ಇದಕ್ಕ ಎಂಬತ್ತು ವರ್ಷ ತಾನೇ ಕೂಡ್ಯಾದ. ಬೆಸಗಿನೂ ಬ್ಯಾಡ. ಶಾಖ ತಾಗಿದ್ರ ಬಣ್ಣ ಒಡಿತದ, ಮತ್ತ ಕೂಡಂಗಿಲ್ಲ."

ಒಂದೂಕಾಲು ಮಿಲಿಮೀಟರ್ ಹಿತ್ತಾಳೆ ತಂತಿಯನ್ನು ಸರಳಿಗೆ ಸುತ್ತಿ, ಒಂದು ಸುತ್ತು ಕತ್ತರಿಸಿ, ಎರಡು ಇಕ್ಕಳದಲ್ಲಿ ಬಾಯಿಯನ್ನು ಪಕ್ಕಕ್ಕೆ ತಿರುಚಿ ತೆರೆದು, ಕಿವಿಗೆ ಹಾಕಿ ಮತ್ತೆ ತಿರುಚಿ ಮುಚ್ಚಿದರು. ಎರಡು ನಿಮಿಷ. ಬಾಯಿಯನ್ನು ಅಗಲಿಸಿ ತೆರೆದರೆ ಉಂಗುರ ದುಂಡು ಕಳೆದುಕೊಳ್ಳುತ್ತದೆ, ಪಕ್ಕಕ್ಕೆ ತಿರುಚಬೇಕು. ದುಡ್ಡು ತಗೊಳ್ಳಲಿಲ್ಲ. ಹಳೆಯ ಹರಿದ ಉಂಗುರ ನನ್ನ ಹತ್ತಿರವೇ ಇದೆ.

ನಾನು ಕೆಡಿಸಿದ್ದು

ರಿಬ್ಬನ್ನುಗಳು 32 ಮಿಲಿಮೀಟರ್ ಅಗಲ. ಮುಂದೆ ಬಣ್ಣ ಮಾಸಿದ್ದರೂ ಹಿಂದಕ್ಕೆ ಮಡಚಿದ ಭಾಗ ನಿನ್ನೆ ನೇಯ್ದಂತಿತ್ತು. ಬರ್ಮಾ ಸ್ಟಾರಿನ ಕಡುನೀಲಿ, ನಡುವಿನ ಅಗಲ ಕೆಂಪು, ನೀಲಿಯೊಳಗಿನ ಕಿತ್ತಳೆ ಗೆರೆ ಎಲ್ಲ ಗೊತ್ತಾಗುತ್ತಿತ್ತು. ಇಂಡಿಪೆಂಡೆನ್ಸ್ ಮೆಡಲಿನ ಕೇಸರಿ-ಬಿಳಿ-ಹಸಿರನ್ನು ಮಾತ್ರ ಬೆಳ್ಳಿಹುಳ ಜರಡಿ ಮಾಡಿತ್ತು. ಅದಕ್ಕೆ ಹೊಸದೇ ಗತಿ. ಸಿಕಂದರಾಬಾದಿನಲ್ಲಿ ಫೌಜಿ ಸಾಮಾನು ಮಾರುವ ಅಂಗಡಿಯಿಂದ ತರಿಸಿದೆ. ಹೊಸದು ನೈಲಾನಿನ ಹೊಳಪಿನದು, ಪಕ್ಕದಲ್ಲಿಟ್ಟರೆ ಹೊಸ ಸೊಸೆಯಂತೆ ಬೇರೆಯೇ ಕಾಣುತ್ತದೆ. ಇರಲಿ.

ವಾರ್ ಮೆಡಲಿನ ರಿಬ್ಬನ್ನಿನಲ್ಲಿ ಅಂಚಿಗೆ ಅಗಲ ಕೆಂಪು, ಒಳಗೆ ನೀಲಿ, ನಡುವೆ ಸಣ್ಣ ಕೆಂಪು ಗೆರೆಯ ಎರಡೂ ಪಕ್ಕ ಬಿಳಿ. ಅದರ ಮೇಲೆ ಅಂಟಿನ ಹಳದಿ ಕಲೆ ಇತ್ತು. ಬಣ್ಣ ಬಿಡುತ್ತದೆಯೇ ಎಂದು ಮಡಚಿದ ಭಾಗದ ಒಂದು ಮೂಲೆಗೆ ಒದ್ದೆ ಹತ್ತಿ ಒತ್ತಿ ನೋಡಿದೆ. ಬಿಡಲಿಲ್ಲ. ಧೈರ್ಯವಾಗಿ ಪೂರಾ ನೀರಿಗೆ ಹಾಕಿದೆ. ತಪ್ಪು ಮಾಡಿದ್ದು ಎರಡು ಕಡೆ. ನೋಡಿದ್ದು ನೀಲಿಯ ಮೇಲೆ, ಕೆಂಪಿನ ಮೇಲಲ್ಲ. ಮತ್ತೆ ನೀರಿಗೆ ಹಾಕಿ ಗಿರಾಕಿ ಬಂದನೆಂದು ಎದ್ದು ಹೋದೆ. ಬೋರ್‌ವೆಲ್ ಮೋಟಾರ್ ಸುಟ್ಟಿದೆ ಅಂತ ಅವನ ಅಳಲು ಕೇಳಿ ವಾಪಸ್ ಬರುವಷ್ಟರಲ್ಲಿ ಬಿಳಿ ಗೆರೆ ಎರಡೂ ಗುಲಾಬಿ. ಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿದರೂ ಹೋಗಲಿಲ್ಲ. 1945ರ ಬಿಳಿ ನನ್ನ ಕೈಯಲ್ಲಿ ಗುಲಾಬಿ ಆಯಿತು. ಎರಡು ದಿನ ಅಂಗಡಿಯಲ್ಲಿ ಆ ಬದಿಗೆ ಮುಖ ಹಾಕಲಿಲ್ಲ. ಉಳಿದ ಮೂರಕ್ಕೆ ನೀರು ತೋರಿಸದೆ, ಒಣ ಬ್ರಷ್ಷಿನಿಂದ ಧೂಳು ತೆಗೆದು ಬಿಟ್ಟೆ.

ಯಾವುದು ಮೊದಲು

ಹಳೆಯ ಚೌಕಟ್ಟಿನಲ್ಲಿ ಬರ್ಮಾ ಸ್ಟಾರ್ ನಡುವೆ, ಇನ್ನೊಂದು ನಕ್ಷತ್ರ ಮೇಲೆ, ದುಂಡನೆಯವು ಮೂಲೆಗೆ. ರಂಗೋಲಿ ಲೆಕ್ಕ. ಕಾಕಾ ಹೇಳಿದ್ದು, "ಮೊದಲ ಗಳಿಸಿದ್ದು ಮೊದಲ ಇರ್ಲಿ. ಬರ್ಮಾ ಮೊದಲ, ಕಾಶ್ಮೀರ ಆಮ್ಯಾಲ." ಕೇಳಲು ಸರಿ ಅನಿಸುತ್ತದೆ, ಸರಿಯಲ್ಲ. ಸೇನೆಯಲ್ಲಿ ಪದಕ ಧರಿಸುವ ಕ್ರಮ ಗಳಿಸಿದ ವರ್ಷದ ಮೇಲಲ್ಲ, ಪಟ್ಟಿಯ ಮೇಲೆ. ಗಣರಾಜ್ಯವಾದ ಮೇಲೆ ಭಾರತದ ಪದಕಗಳು ಮುಂದೆ, ಬ್ರಿಟಿಷರ ಕಾಲದ ಕಾಮನ್‌ವೆಲ್ತ್ ಪದಕಗಳು ಪಟ್ಟಿಯ ಕೊನೆಗೆ. ಹಾಗಾಗಿ ಜನರಲ್ ಸರ್ವಿಸ್, ಇಂಡಿಪೆಂಡೆನ್ಸ್, ಆಮೇಲೆ 1939-45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್.

ಕಾಕಾ ಒಪ್ಪಲಿಲ್ಲ. ಟ್ರಂಕಿನ ಫೋಟೋ ತೆಗೆದೆ, 1956ರದ್ದು, ಹಿಂದೆ ಮುತ್ಯಾನ ಕೈಬರಹದಲ್ಲಿ ವರ್ಷ ಇದೆ. ಕಪ್ಪು-ಬಿಳುಪಿನಲ್ಲಿ ರಿಬ್ಬನ್ ಗುರುತು ಸಿಗುವುದಿಲ್ಲ, ಆಕಾರ ಸಿಗುತ್ತದೆ. ಗುಂಡಿಗಳಿಗೆ ಹತ್ತಿರದಲ್ಲಿ ಅಡ್ಡ ಪಟ್ಟಿ ಇರುವ ದುಂಡನೆಯದು, ಪಕ್ಕ ಮತ್ತೊಂದು ದುಂಡನೆಯದು, ಎರಡು ನಕ್ಷತ್ರ, ತೋಳಿನ ಕಡೆ ಕೊನೆಯ ದುಂಡು. ಎಡ ಎದೆಯ ಮೇಲೆ, ದೊಡ್ಡದು ಗುಂಡಿಗಳ ಕಡೆಗೆ. ಅಂದರೆ ನೋಡುವವರಿಗೆ ಎಡದಿಂದ ಬಲಕ್ಕೆ. ಕಾಕಾ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ. "ಅಪ್ಪಾ ತಾನೇ ಹಂಗ ಹಾಕ್ಕೊಂಡಾನ ಅಂದ ಮ್ಯಾಲ ಮುಗೀತು ಬಿಡು."

ಪಟ್ಟಿ ಮತ್ತು ಪೆಟ್ಟಿಗೆ

ಇನ್ನೊಮ್ಮೆ ಅಂಟು ಹಚ್ಚುವುದಿಲ್ಲ ಎಂಬುದು ಮೊದಲೇ ನಿರ್ಧಾರ. ಐದನ್ನೂ ಒಂದು ಪಟ್ಟಿಗೆ ಕೂಡಿಸಿ, ಆ ಪಟ್ಟಿಯನ್ನು ಚೌಕಟ್ಟಿನಿಂದ ಎತ್ತಿ ತೆಗೆಯುವಂತಿರಬೇಕು. ಐದು ರಿಬ್ಬನ್ ಪಕ್ಕಪಕ್ಕ ಅಂದರೆ 160 ಮಿಲಿಮೀಟರ್. ಒಂದು ಮಿಲಿಮೀಟರ್ ದಪ್ಪದ ಹಿತ್ತಾಳೆ ಪಟ್ಟಿ ಕತ್ತರಿಸಿ, ಅರದಿಂದ ಮೂಲೆ ಉಜ್ಜಿ, ಹಿಂದೆ ಎರಡು ಪಿನ್ನಿನ ಕೊಕ್ಕೆ ಬೆಸೆದೆ. ಇಲ್ಲಿ ಬೆಸುಗೆ ಮಾಡಬಹುದು, ಪದಕ ಹತ್ತಿರ ಇರಲಿಲ್ಲ. 60 ವಾಟಿನ ಕಬ್ಬಿಣ ಸಾಲಲಿಲ್ಲ, ಹಿತ್ತಾಳೆ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಪಟ್ಟಿಯನ್ನು ಇಸ್ತ್ರಿಪೆಟ್ಟಿಗೆಯ ಮೇಲಿಟ್ಟು ಬೆಚ್ಚಗೆ ಮಾಡಿಕೊಂಡ ಮೇಲೆ ಸೋಲ್ಡರ್ ಹರಿಯಿತು.

ಪದಕ ತೂಗಾಡಬಾರದು ಎಂದು ಕೋರ್ಟ್ ಮೌಂಟಿಂಗ್ ಮಾದರಿ ಹಿಡಿದೆ. ಹಿಂದೆ ಗಟ್ಟಿ ಹಲಗೆ, ಅದರ ಮೇಲೆ ರಿಬ್ಬನ್ ಮುಂದಿನಿಂದ ಇಳಿದು ಪದಕದ ಬೆನ್ನಿಗೂ ಹಾಯುತ್ತದೆ, ಉಂಗುರದ ಹತ್ತಿರ ಎರಡು ಹೊಲಿಗೆ. ಹಲಗೆಗೆ ನಮ್ಮ ಮೋಟಾರಿನ ಇನ್ಸುಲೇಷನ್ ಕಾಗದ, ಲೆದರಾಯ್ಡ್ ಪೇಪರ್, ಹಾಕೋಣವೆಂದಿದ್ದೆ, ಕೈ ತಡೆಯಿತು. ಮೋಟಾರಿಗೆ ಸರಿ, ಎಂಬತ್ತು ವರ್ಷದ ಬಟ್ಟೆಗೆ ಅದರಿಂದ ಏನು ಬರುತ್ತದೋ. ದಪ್ಪ ಮೈಲಾರಿಗೆ ಒಗೆದ ಬಿಳಿ ಖಾದಿ ಹೊದಿಸಿದೆ, ಕಾಯಿಲ್ ಕಟ್ಟುವ ಸೂತಿ ಪಟ್ಟಿಯಿಂದ ಅಂಚು ಹೊಲಿದೆ. ದುಂಡು ಪದಕ 36, ರಿಬ್ಬನ್ 32. ಹೀಗಾಗಿ ಪಕ್ಕದ ಎರಡು ದುಂಡು ಒಂದರ ಅಂಚಿಗೆ ಒಂದು ಉಜ್ಜುತ್ತವೆ, ಉಜ್ಜುವುದು ಸರಿಯಾಗಿ ಹೆಸರಿರುವ ಜಾಗವನ್ನೇ. ಅದಕ್ಕೆ ಪ್ರತಿ ಪದಕದ ಹಿಂದೆ ತೆಳು ಮೈಲಾರಿನ ಬಿಲ್ಲೆ ಕತ್ತರಿಸಿ ಸರಿಸಿದೆ, ಮುಂದಿನಿಂದ ಕಾಣುವುದಿಲ್ಲ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಸ್ವಲ್ಪ ಹೆಮ್ಮೆ ಇದೆ.

ಬರ್ಮಾ ಸ್ಟಾರಿನ ಬಿಲ್ಲೆಗೆ ಮಾತ್ರ ಕಿಟಕಿ ಕೊರೆದೆ, ಹಿಂದಿನ ಖಾದಿಗೂ ಅದೇ ಜಾಗದಲ್ಲಿ ಒಂದು ಮುಚ್ಚಳ. ಎತ್ತಿದರೆ ನಾಲ್ಕು ಅಂಕಿ ಕಾಣುತ್ತವೆ.

ಪೆಟ್ಟಿಗೆ ಹಳೆಯ ಸಾಗವಾನಿ ಬಾಗಿಲ ತುಂಡಿನಿಂದ ಬಡಗಿ ಮಾಡಿಕೊಟ್ಟ, ಎರಡಿಂಚು ಆಳ. ಮರದ ಆವಿ ಲೋಹಕ್ಕೆ ಒಗ್ಗುವುದಿಲ್ಲ, ಅದಕ್ಕೆ ಒಳಮೈಗೆ ಅಲ್ಯೂಮಿನಿಯಂ ಹಾಳೆ. ಮುಂದೆ ಗಾಜಿನ ಬದಲು ಆಕ್ರಿಲಿಕ್, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಬಡಗಿ ಕೂಲಿ ಬಿಟ್ಟು ಒಟ್ಟು ಖರ್ಚು 2,150 ರೂಪಾಯಿ, ಅದರಲ್ಲಿ ಹೆಚ್ಚಿನದು ಆಕ್ರಿಲಿಕ್. ಈಗ ತೂಗಿರುವುದು ಪಡಸಾಲೆಯ ಉತ್ತರದ ಗೋಡೆಗೆ, ಬಿಸಿಲೂ ಇಲ್ಲ, ಒಗ್ಗರಣೆಯೂ ಇಲ್ಲ.

ಸೆಪ್ಟೆಂಬರ್ 17ಕ್ಕೆ ಕಾಕಾ ಶಾಲೆಗೆ ಒಯ್ದ. ಹೊಳಪಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲವಂತೆ. ಒಬ್ಬ ಹುಡುಗ ಮಾತ್ರ, "ಜಮಾದಾರ್ ಅಂದ್ರ ಮುನಸಿಪಾಲ್ಟಿಯವರಾ?" ಅಂದನಂತೆ. ಕಾಕಾ ಮುಚ್ಚಳ ಎತ್ತಿ ತೋರಿಸಿದನಂತೆ.

ವಾರ್ ಮೆಡಲಿನ ಹೊಸ ರಿಬ್ಬನ್ ಹದಿನೈದು ಸೆಂಟಿಮೀಟರ್ ಹೋದ ವಾರ ಬಂತು. ಹಾಕಲಿಲ್ಲ. ಗುಲಾಬಿಯಾದರೂ ಹಳೆಯದೇ ಇರಲಿ ಎಂದಳು ಅವ್ವ. ಹೊಸದನ್ನು ಸುರುಳಿ ಸುತ್ತಿ, ಹರಿದ ಉಂಗುರ, ಹುಳ ತಿಂದ ತ್ರಿವರ್ಣದ ತುಂಡಿನ ಜೊತೆ ಪೆಟ್ಟಿಗೆಯ ಹಿಂದೆ ಮೈಲಾರ್ ಲಕೋಟೆಯಲ್ಲಿಟ್ಟೆ. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಉಂಗುರ ಹೊಸದು, ಎರಡನೇ ರಿಬ್ಬನ್ ಹೊಸದು, ಪಟ್ಟಿ ಹೊಸದು, ಐದನೆಯ ರಿಬ್ಬನ್ನಿನ ಬಣ್ಣ ಕೆಡಿಸಿದವನು ನಾನು, ಬರ್ಮಾ ಸ್ಟಾರಿನ ಬೆನ್ನು ತಿಕ್ಕಬ್ಯಾಡ್ರಿ.